ಕಮಲಾಪುರದ ಹಣದ ದರ್ಶನ

ದರ್ಶನಕ್ಕೆ ಹೋದವರು ಯಾರೂ ದೇವರನ್ನು ಮನೆಗೆ ಹೊತ್ತು ತರುವುದಿಲ್ಲ. ಕಣ್ಣು ತುಂಬ ನೋಡಿ, ಕೈಮುಗಿದು, ಪ್ರಸಾದ ತೆಗೆದುಕೊಂಡು ಬರುತ್ತಾರೆ. ನಮ್ಮ ಮನೆಯವರು ತಮ್ಮ ನಿವೃತ್ತಿಯ ಹಣದ ಜೊತೆಗೂ ಹಾಗೆಯೇ ನಡೆದುಕೊಳ್ಳುತ್ತಿದ್ದರು. ಕಮಲಾಪುರದ ಶಾಲೆಯಲ್ಲಿ ಮಾಸ್ತರಿಕೆ ಮುಗಿಸಿ ನಾವು ಕಲಬುರ್ಗಿಯ ಗಾಜಿಪುರಕ್ಕೆ ಬಂದು ನೆಲೆಸಿದಾಗ, ಫಂಡಿನ ಹಣವನ್ನು ಮಾತ್ರ ಕಮಲಾಪುರದ ಬ್ಯಾಂಕಿನಲ್ಲೇ ಬಿಟ್ಟು ಬಂದರು. "ರೊಕ್ಕ ಮನಿ ಹತ್ರ ಇದ್ರ ಕೈ ಸುಮ್ನಿರಂಗಿಲ್ಲ" ಎಂಬುದು ಅವರ ಸಿದ್ಧಾಂತ. ಸಂಸಾರ ಪೆನ್ಶನ್ನಿನಲ್ಲಿ ಸಾಗುತ್ತಿತ್ತು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ, ಪಾಸ್‌ಬುಕ್ಕು ತೋರಿಸಿ, ಹಣ ಇದ್ದಲ್ಲೇ ಇದೆಯೆಂದು ಖಾತ್ರಿ ಮಾಡಿಕೊಂಡು, ಅಲ್ಲಿನ ಕೆಂಪು ಬಾಳೆಹಣ್ಣು ತರುತ್ತಿದ್ದರು. ಹಣ್ಣು ವಿಠ್ಠಲನಿಗೆ ನೈವೇದ್ಯಕ್ಕೆ. ಪಾಸ್‌ಬುಕ್ಕು ವಿಠ್ಠಲನ ಪೀಠದ ಕೆಳಗೆ.

ಅಷ್ಟರಲ್ಲಿ ನನ್ನ ಎರಡೂ ಕಣ್ಣಿಗೆ ಪೊರೆ ಬಂತು. ಆಪರೇಷನ್ ತಡ ಮಾಡಬೇಡಿ ಎಂದರು ಡಾಕ್ಟರು. ಹಣ ತೆಗೆಯಲೆಂದು ಇವರು ಮೂರು ಸಲ ಕಮಲಾಪುರಕ್ಕೆ ಹೋದರು. ಮೂರು ಸಲವೂ ಬಾಳೆಹಣ್ಣು ಬಂತು. ಹಣ ತೆಗೆಯಲು ತುಂಬಿದ ಚೀಟಿ ಅಂಗಿಯ ಜೇಬಿನಲ್ಲಿ ಮಡಿಸಿದ ಹಾಗೆಯೇ ವಾಪಸಾಯಿತು. ಕೇಳಿದರೆ, ಹಣ ಕೊಡುವ ಜಾಗದಲ್ಲಿ ಕೂತವನು ಅವರ ಹಳೆಯ ವಿದ್ಯಾರ್ಥಿಯಂತೆ. "ಅವಗ ಉಳಿತಾಯದ ನಿಬಂಧ ಕಲಿಸಿದಾಂವ ನಾನು. ಕಿವಿ ಹಿಂಡಿ ಕಲಿಸೀನಿ. ಈಗ ಅವನ ಮುಂದ ಹ್ಯಾಂಗ ಕೈ ಚಾಚ್ಲಿ?" ಎಂದರು. ನಾನೂ ಒತ್ತಾಯ ಮಾಡಲಿಲ್ಲ. "ಹೋಗ್ಲಿ ಬಿಡ್ರಿ, ಮುಂದಿನ ತಿಂಗಳಾತು" ಎಂದೆ. ಕಣ್ಣು ಮಸುಕಾದರೂ ಬಾಳೆಹಣ್ಣಿನ ಕೆಂಪು ಕಾಣುತ್ತದಲ್ಲ, ಅದೂ ವಿಠ್ಠಲನ ದಯೆ ಎಂದು ಸಮಾಧಾನ ಮಾಡಿಕೊಂಡೆ. ನಿಜ ಹೇಳಬೇಕೆಂದರೆ, ಹಣ ಇಡಿಯಾಗಿ ಉಳಿಯಿತಲ್ಲ ಎಂಬ ಸಂತೋಷವೂ ಒಳಗೊಳಗೆ ಇತ್ತು.

ಆಗಲೇ ಕೋಟನೂರಿನ ಹುಡುಗಿಯೊಬ್ಬಳು ಫೈಲು ಹಿಡಿದು ಬಂದಳು. ನಿವೃತ್ತರ ಮನೆಗಳಲ್ಲಿ ಕೂಡಿಟ್ಟ ಹಣವನ್ನು ಹೇಗೆ ಬಳಸುತ್ತಾರೆ ಎಂಬುದರ ಸರ್ವೆಯಂತೆ. ಇವರು ಟೋಪಿ ಹಾಕಿಕೊಂಡು ನೆಟ್ಟಗೆ ಕೂತರು.

"ಸರ, ಆ ಹಣದಾಗಿಂದ ಇಲ್ಲೀತನಕ ಎಷ್ಟು ಸಲ ತೆಗದೀರಿ?"

"ಒಂದು ಸಲನೂ ಇಲ್ಲ."

"ಬ್ಯಾಂಕಿಗೆ ಹೋಗಂಗೇ ಇಲ್ಲೇನ್ರಿ?"

"ಪ್ರತಿ ತಿಂಗಳಾ ಹೋಗ್ತೀನಿ. ನೋಡಿ ಬರ್ತೀನಿ."

ಹುಡುಗಿಯ ಪೆನ್ನು ನಿಂತಿತು. "ನೋಡಿ ಬಂದದ್ದು ಬರೀಲಿಕ್ಕೆ ಇದರಾಗ ಜಾಗ ಇಲ್ರಿ ಸರ. ಹೋಗ್ಲಿ, ತೆಗೀಲಿಲ್ಲ ಯಾಕ್ರಿ?"

"ಅಗತ್ಯ ಬಿದ್ದಿಲ್ಲ."

ಈ ಮಾತಿಗೂ ನಾನು ಚಹಾ ತರುವುದಕ್ಕೂ ಸರಿಹೋಯಿತು. ಹುಡುಗಿ ಒಂದು ಗುಟುಕು ಕುಡಿದು, "ಛಲೋ ಆಗ್ಯದ್ರಿ ಅಮ್ಮಾರ" ಎಂದು ಕಪ್ಪು-ಬಸಿಯನ್ನು ಮೆಲ್ಲಗೆ ಕೆಳಗಿಟ್ಟಳು. ಮರ್ಯಾದಸ್ಥರ ಮಗಳು. ನಮ್ಮವರಿಗೆ ಅಂಥ ಸಂಕೋಚವಿಲ್ಲ. "ಏನಿದು! ಉಪ್ಪು ಹಾಕೀಯಲ್ಲ!" ಎಂದು ಕೂಗಿದರು.

"ಡಬ್ಬಿ ಎರಡೂ ಒಂದೇ ಥರ ಕಂಡ್ವು" ಎಂದೆ.

ಹುಡುಗಿ ನನ್ನ ಕಣ್ಣನ್ನು ನೋಡಿದಳೋ ಏನೋ. ಮೆಲ್ಲಗೆ ಕೇಳಿದಳು: "ಸರ, ಅಗತ್ಯ ಬಿದ್ದಿಲ್ಲಂತನೇ ಬರೀಲೇನ್ರಿ?"

ಇವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಅದನ್ನ ಹೊಡದು ಹಾಕು ತಂಗಿ" ಎಂದರು.

ಮರುದಿನ ನನ್ನನ್ನೂ ಕರೆದುಕೊಂಡು ಕಮಲಾಪುರಕ್ಕೆ ಹೊರಟರು. ಬ್ಯಾಂಕಿನಲ್ಲಿ ಚೀಟಿ ನೀಡುವಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದರು. ಹಳೆಯ ವಿದ್ಯಾರ್ಥಿ ಎದ್ದು ನಿಂತು, "ಯಾತಕ್ಕರೀ ಸರ?" ಎಂದು ಕೇಳಿದ. "ನಿಮ್ಮ ಅಮ್ಮಾರ ಕಣ್ಣಿಗಪ್ಪಾ" ಎಂದು ಗೊಣಗಿದರು. ಅವನು ನಕ್ಕ. "ಸರ, ಕಷ್ಟ ಕಾಲಕ್ಕ ಬೇಕಂತ ಉಳಿತಾಯ ಮಾಡಬೇಕು ಅಂತ ನಿಬಂಧದ ಕಡೀ ಸಾಲು. ಅದೊಂದು ಸಾಲು ಬಿಟ್ಟೀನಂತ ಅಲ್ಲೇನ್ರಿ ನೀವು ನನ್ನ ಕಿವಿ ಹಿಂಡಿದ್ದು?" ಮಾಸ್ತರರು ತಮ್ಮ ಕಿವಿಯನ್ನೇ ಮುಟ್ಟಿ ನೋಡಿಕೊಂಡರು.

ಆಪರೇಷನ್ ಸುಸೂತ್ರವಾಯಿತು. ಹೊಸ ಚಷ್ಮಾ ಬಂದ ದಿನ, ಮೊದಲು ವಿಠ್ಠಲನ ಮುಖವನ್ನೇ ನೋಡುತ್ತೇನೆಂದು ಓಣಿಗೆಲ್ಲ ಹೇಳಿಕೊಂಡು ದೇವರ ಕೋಣೆಗೆ ಹೋದೆ. ಕೈ ಯಾಕೋ ಪೀಠದ ಕೆಳಗೆ ಹೋಯಿತು. ಪಾಸ್‌ಬುಕ್ಕಿನ ಅಕ್ಷರಗಳು ಮುತ್ತಿನಂತೆ ಕಂಡವು. "ಅಯ್ಯೋ! ಇಷ್ಟು ತೆಗದ್ರೇನ್ರಿ!" ಎಂದು ನಾನು ಚೀರಿದ್ದು ಬೀದಿಗೂ ಕೇಳಿಸಿತಂತೆ. ವಿಠ್ಠಲನ ಕಡೆ ನೋಡಿದ್ದು ಆಮೇಲೆ. ನಗುತ್ತಿದ್ದ. ಮೊದಲಾಗಿದ್ದರೆ ಆ ನಗುವನ್ನು ನನ್ನ ಕಣ್ಣಿನ ಮಸುಕಿನ ಮೇಲೆ ಹಾಕಬಹುದಿತ್ತು.