ನೆತ್ತಿಗೇರಿದ ಮಿರ್ಚಿ

ಯಾರೂ ಸರ್ಟಿಫಿಕೇಟ್ ಕೊಡದ ಒಂದಾದರೂ ವಿದ್ಯೆ ಪ್ರತಿಯೊಬ್ಬರಲ್ಲೂ ಇರುತ್ತದೆ. ಕೆಲವರು ಮೋಡ ನೋಡಿ ಮಳೆ ಹೇಳುತ್ತಾರೆ, ಕೆಲವರು ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುತ್ತಾರೆ. ನಾನು ಯಾವ ಊರಿನಲ್ಲಿ, ಯಾವ ಹೊತ್ತಿಗೆ, ಏನು ತಿನ್ನಬೇಕೆಂದು ಹೇಳುತ್ತೇನೆ. ಕೊಪ್ಪಳದ ಒಂದು ಹೈಸ್ಕೂಲಿನಲ್ಲಿ ಹದಿನೇಳು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಆದರೆ ನನ್ನ ಹತ್ತಿರ ವಿಜ್ಞಾನದ ಸಂದೇಹ ಕೇಳಲು ಬಂದವರು ಕಡಿಮೆ, "ಸರ, ಗಂಗಾವತಿಗೆ ಹೊಂಟೀನ್ರಿ, ನಾಷ್ಟಾ ಎಲ್ಲಿ ಮಾಡ್ಲಿ?" ಎಂದು ಕೇಳಿದವರೇ ಹೆಚ್ಚು. ಇದರಿಂದ ನನಗೆ ಬೇಸರವಾಗಿದೆ ಎಂದು ಹೇಳಿದರೆ ಸುಳ್ಳಾದೀತು. ವಿಜ್ಞಾನದ ಪ್ರಶ್ನೆಗೆ ಉತ್ತರ ತಪ್ಪಬಹುದು. ನಾಷ್ಟಾದ ಪ್ರಶ್ನೆಗೆ ನಾನು ತಪ್ಪಿದ್ದು ನೆನಪಿಲ್ಲ.

ಹೋದ ವಾರ ತುಮಕೂರಿನ ಕಡೆಯಿಂದ ವರ್ಗವಾಗಿ ಬಂದ ಇಂಗ್ಲಿಷ್ ಮೇಷ್ಟ್ರು, ಈ ಜಿಲ್ಲೆಯಲ್ಲಿ ಎಲ್ಲೆಲ್ಲಿ ಏನೇನು ಚೆನ್ನಾಗಿರುತ್ತದೆಂದು ಒಂದು ಪಟ್ಟಿ ಬರೆದುಕೊಡಲು ಕೇಳಿದರು. ಬಿಡುವಿನ ಪೀರಿಯಡ್ಡಿನಲ್ಲಿ ಹಾಳೆ ತೆಗೆದುಕೊಂಡು ಕೂತೆ. ಮೊದಲು ಗಂಗಾವತಿ. ಬೆಳಿಗ್ಗೆ ಎಂಟರೊಳಗೆ ಹೋಗಬೇಕು. ಕಾಲುವೆಯ ನೀರಿನ ಜೊತೆಗೆ ಆಂಧ್ರದ ಕಡೆಯಿಂದ ಬಂದು ಕ್ಯಾಂಪು ಕಟ್ಟಿಕೊಂಡವರ ರುಚಿಯೂ ಊರೊಳಗೆ ಹರಿದು ಬಂದಿದೆ. ಇಡ್ಲಿಯ ಮೇಲೆ ಖಾರದ ಪುಡಿ ಉದುರಿಸಿ, ಅದು ಮುಳುಗುವಷ್ಟು ತುಪ್ಪ ಹಾಕಿಕೊಡುತ್ತಾರೆ. ಎರಡನೆಯದು ಕುಷ್ಟಗಿ. ನಾಲ್ಕು ಕಡೆಯ ಬಸ್ಸುಗಳು ಕೂಡುವ ಊರು, ಅಲ್ಲಿ ತಿನ್ನುವುದೂ ಬಸ್ಸಿನ ಲೆಕ್ಕದಲ್ಲೇ. ಡ್ರೈವರ್ ಚಹಾ ಮುಗಿಸಿ ಹಾರ್ನ್ ಹೊಡೆಯುವುದರೊಳಗೆ ಬದನೆಕಾಯಿ ಭಜಿ ಮುಗಿದಿರಬೇಕು. ಹಣ್ಣಿನ ಕಾಲವಾದರೆ ದಾಳಿಂಬೆ ಬಿಡಿಸಿ, ಉಪ್ಪು ಖಾರ ಉದುರಿಸಿ ಕೊಡುವ ತಳ್ಳುಗಾಡಿ ಹುಡುಕಬೇಕು. ಮೂರನೆಯದು ಯಲಬುರ್ಗಾದ ಒಂದು ಖಾನಾವಳಿ. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಎರಡೇ ರೊಟ್ಟಿಗೆ ಸಾಕೆಂದವರನ್ನು ಅಲ್ಲಿಯ ಯಜಮಾನರು, ಡಾಕ್ಟರಿಗೆ ತೋರಿಸಿದಿರಾ ಎಂದು ನಿಜವಾದ ಕಾಳಜಿಯಿಂದ ವಿಚಾರಿಸುತ್ತಾರೆ.

ನಾಲ್ಕನೆಯದು ಕೊಪ್ಪಳ. 'ಭಾಗ್ಯನಗರ, ಪಾರಕ್ಕನ ಹೋಟೆಲು, ಒಗ್ಗರಣಿ ಮಿರ್ಚಿ' ಎಂದು ಬರೆದೆ. ಪಕ್ಕದಲ್ಲಿ ನೋಡುತ್ತಿದ್ದ ಮೇಷ್ಟ್ರು, "ಯಾವುದಕ್ಕೆ ಒಗ್ಗರಣೆ ಸಾರ್?" ಎಂದರು. ನಮ್ಮ ಕಡೆ ಒಗ್ಗರಣೆ ಇನ್ನೊಂದಕ್ಕೆ ಹಾಕುವ ವಸ್ತುವಲ್ಲ, ಅದೇ ಒಂದು ತಿಂಡಿ. ಮಂಡಕ್ಕಿಯನ್ನು ನೀರಿನಲ್ಲಿ ನೆನೆಸಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಪುಠಾಣಿ ಎಂದರೆ ಹುರಿಗಡಲೆಯ ಹಿಟ್ಟು ಹಾಕಿ ಕಲಸಿದ್ದು. ಅದರ ಜೊತೆಗೆ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಉದ್ದನೆಯ ಮೆಣಸಿನಕಾಯಿಯೇ ಮಿರ್ಚಿ ಎಂದು ವಿವರಿಸಿದೆ. ಯಾಕೆ ಅಲ್ಲಿಯೇ ತಿನ್ನಬೇಕು, ವಿಶೇಷವೇನು ಎಂದು ಅವರು ಕೇಳಿದರು. ನನ್ನ ಪೆನ್ನು ಅಲ್ಲಿ ನಿಂತಿತು. ವಿಶೇಷವೇನು ಎಂಬುದನ್ನು ಪಟ್ಟಿಯಲ್ಲಿ ಹಿಡಿಸುವಂತೆ ಬರೆಯಲು ಆಗದೆ ಇಲ್ಲಿ ಬರೆಯುತ್ತಿದ್ದೇನೆ.

ಪಾರಕ್ಕನ ಹೋಟೆಲಿಗೆ ಬೋರ್ಡಿಲ್ಲ. ವೆಲ್ಡಿಂಗ್ ಅಂಗಡಿಯ ಪಕ್ಕ ತಗಡಿನ ಚಪ್ಪರ, ನಾಲ್ಕು ಬೆಂಚು, ಮುಂದೆ ದೊಡ್ಡ ಬಾಣಲೆ. ಬಾಣಲೆಯ ಮುಂದೆ ಪಾರಕ್ಕ, ಚಹಾದ ಒಲೆಯ ಮುಂದೆ ಆಕೆಯ ಗಂಡ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ನಾನು ಮತ್ತು ನಮ್ಮ ಪಿ.ಟಿ. ಮಾಸ್ತರ ಹನುಮೇಶ ಅಲ್ಲಿಗೆ ಹೋಗುವುದು ವರ್ಷಗಳ ರೂಢಿ. ಹನುಮೇಶನದು ದೊಡ್ಡ ಮೈ, ಅದಕ್ಕಿಂತ ದೊಡ್ಡ ಗಂಟಲು. ಅವನು ಮೈದಾನದಲ್ಲಿ 'ಸಾವಧಾನ್' ಎಂದರೆ ರಸ್ತೆಯಲ್ಲಿ ಹೋಗುವವರೂ ಒಮ್ಮೆ ನೆಟ್ಟಗಾಗುತ್ತಾರೆ. ಸೀಟಿ ಅವನ ಕೊರಳಲ್ಲಿ ಬರೀ ಶೋಭೆಗೆ.

ಎರಡು ತಿಂಗಳ ಹಿಂದಿನ ಒಂದು ಶನಿವಾರ. ನಮ್ಮ ಹೆಡ್ ಮಾಸ್ತರರು ಪ್ರಾರ್ಥನೆಯ ಹೊತ್ತಿನಲ್ಲಿ ಮೈಕು ಕೈಕೊಟ್ಟಾಗ ಬರೀ ತುಟಿ ಆಡಿಸಿದ್ದನ್ನು ನಾನು ಅಭಿನಯಿಸಿ ತೋರಿಸುತ್ತಿದ್ದೆ. ಹನುಮೇಶನ ಬಾಯಲ್ಲಿ ಅರ್ಧ ಮಿರ್ಚಿ ಇತ್ತು. ಅವನು ನಕ್ಕ. ಎರಡು ಸಲ ಜೋರಾಗಿ ಕೆಮ್ಮಿದ. ಆಮೇಲೆ ಕೆಮ್ಮು ನಿಂತಿತು.

ತಿನ್ನುವಾಗ ಯಾರಿಗಾದರೂ ಹೀಗಾದರೆ ನಾವು ಏನು ಮಾಡುತ್ತೇವೆಂದು ಕನ್ನಡ ಬಲ್ಲವರಿಗೆ ಹೇಳಬೇಕಾಗಿಲ್ಲ. ನೆತ್ತಿಗೆ ಹತ್ತಿತು ಎನ್ನುತ್ತೇವೆ, ನೆತ್ತಿ ತಟ್ಟುತ್ತೇವೆ, ಯಾರೋ ನೆನೆಯುತ್ತಿದ್ದಾರೆ ಎನ್ನುತ್ತೇವೆ. ನಾನು ಮೂರನ್ನೂ ಮಾಡಿದೆ. "ಯಾರೋ ನೆನಸಾಕತ್ತಾರ ನೋಡ್ರಿ ನಿಮ್ಮನ್ನ" ಎಂದು ಅವನ ಬೋಳುತಲೆಯ ಮೇಲೆ ಮೆತ್ತಗೆ ತಟ್ಟಿದೆ. ಪಕ್ಕದ ಬೆಂಚಿನಲ್ಲಿದ್ದ ಇಬ್ಬರು ಅಪರಿಚಿತರು ತಕ್ಷಣ ಚರ್ಚೆಗೆ ಸೇರಿಕೊಂಡರು. ಒಬ್ಬರು ಹೆಂಡತಿಯೇ ಇರಬೇಕೆಂದರು. ಇನ್ನೊಬ್ಬರು, "ಹೆಂಡ್ತಿ ನೆನಸಿದ್ರ ಬಿಕ್ಕಳಿಕಿ ಬರ್ತಾವ್ರಿ, ನೆತ್ತಿಗೆ ಹತ್ತೂದು ಸಾಲ ಕೊಟ್ಟಾಂವ ನೆನಸಿದ್ರ" ಎಂದರು. ಎಲ್ಲರೂ ನಕ್ಕೆವು. ಹನುಮೇಶನೂ ನಗುತ್ತಿದ್ದಾನೆ ಎಂದುಕೊಂಡೆ. ಬಾಯಿ ತೆರೆದಿತ್ತು, ಕಣ್ಣಲ್ಲಿ ನೀರಿತ್ತು, ಭುಜ ಕುಣಿಯುತ್ತಿದ್ದವು. ಹೊಟ್ಟೆ ಹುಣ್ಣಾಗುವಂತೆ ನಗುವವನ ಮುಖಕ್ಕೂ ಉಸಿರು ಸಿಗದವನ ಮುಖಕ್ಕೂ ಇರುವ ವ್ಯತ್ಯಾಸ ಎಷ್ಟು ಕಡಿಮೆ ಎಂಬುದು ನನಗೆ ಅಂದು ಗೊತ್ತಿರಲಿಲ್ಲ. ಅವನು ನನ್ನ ಮಣಿಕಟ್ಟು ಹಿಡಿದುಕೊಂಡ. ಸಾಕು, ಇನ್ನು ನಗಿಸಬೇಡ ಎಂದು ಹೇಳುತ್ತಿದ್ದಾನೆ ಎಂದು ತಿಳಿದು, ಹೆಡ್ ಮಾಸ್ತರರ ತುಟಿಯನ್ನು ಇನ್ನೊಂದು ಸಲ ಆಡಿಸಿ ತೋರಿಸಿದೆ.

"ಸರಕೊಳ್ರಿ" ಎಂಬ ದನಿ ಹಿಂದಿನಿಂದ ಬಂತು. ಪಾರಕ್ಕ ನನ್ನನ್ನು ಪಕ್ಕಕ್ಕೆ ತಳ್ಳಿ, "ಅಂವ ಕೆಮ್ಮವಲ್ಲ" ಎಂದಳು. ಕೆಮ್ಮುತ್ತಿಲ್ಲ ಎಂದಷ್ಟೇ ಹೇಳಿದ್ದು. ತನಗಿಂತ ಎರಡು ಪಟ್ಟು ಇದ್ದ ಹನುಮೇಶನ ಕುತ್ತಿಗೆ ಹಿಡಿದು ಮುಂದಕ್ಕೆ ಬಗ್ಗಿಸಿ, ಕಡಲೆಹಿಟ್ಟು ಮೆತ್ತಿದ ಕೈಯಿಂದ ಬೆನ್ನಿನ ನಡುವೆ ಗುದ್ದಿದ ಹಾಗೆ ಹೊಡೆದಳು. ನಾಲ್ಕು ಏಟಿಗೂ ಏನೂ ಆಗಲಿಲ್ಲ. ಐದನೆಯದಕ್ಕೆ ಮಿರ್ಚಿಯ ತುಂಡು ನೆಲಕ್ಕೆ ಬಿತ್ತು. ಆಮೇಲೆ ಅವನು ಎಳೆದುಕೊಂಡ ಮೊದಲ ಉಸಿರಿನ ಸದ್ದು, ಒಣಗಿದ ಕೊಳವೆಬಾವಿಯಲ್ಲಿ ಗಾಳಿ ಏರಿದ ಹಾಗೆ. ಬಾಣಲೆಯ ಎಣ್ಣೆ ಹೊಗೆಯಾಡುತ್ತಿತ್ತು. ಪಾರಕ್ಕ ತಿರುಗಿ ನೋಡದೆ ಅದರತ್ತ ಓಡಿದಳು.

ಹನುಮೇಶ ತಲೆ ಎತ್ತಿದಾಗ ನೆತ್ತಿ ತಟ್ಟಿದ ಕೈಯನ್ನು ಇನ್ನೂ ಎತ್ತಿಕೊಂಡೇ ಅವನ ಹಿಂದೆ ನಿಂತವನು ನಾನೊಬ್ಬನೇ. ಅವನು ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಎಂದೂ ಕೇಳದ ಸಣ್ಣ ದನಿಯಲ್ಲಿ ಹೇಳಿದ: "ಜೀವಾ ಉಳಿಸಿದ್ರಿ ಸರ." ನಾನು ಬಾಯಿ ತೆರೆದೆ. "ಇರಲಿ ಬಿಡ್ರಿ" ಎಂದೆ. ನನ್ನ ಅಪ್ರಾಮಾಣಿಕತೆಯೆಲ್ಲ ಆ ಎರಡು ಪದಗಳಲ್ಲಿದೆ. ಹೊರಗೆ ನೋಡಿದರೆ ವಿನಯದಂತೆ ಕಾಣುತ್ತವೆ.

ಸೋಮವಾರ ಪ್ರಾರ್ಥನೆಯಲ್ಲಿ ಅವನು ಮಕ್ಕಳ ಮುಂದೆ ಇದನ್ನು ಹೇಳಿದ. ಮಕ್ಕಳು ಚಪ್ಪಾಳೆ ತಟ್ಟಿದರು. ಅವರಲ್ಲಿ ಮುಂದಿನ ಸಾಲಿನವರಿಗೆ ಅದೇ ತಿಂಗಳು ನಾನು ಅನ್ನನಾಳ, ಶ್ವಾಸನಾಳ, ಅವುಗಳ ನಡುವೆ ತೆರೆದು ಮುಚ್ಚುವ ಸಣ್ಣ ಮುಚ್ಚಳದ ಚಿತ್ರವನ್ನು ಮೂರು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ದೆ. ಬಿ.ಎಸ್ಸಿ.ಯಲ್ಲಿ ಆ ಚಿತ್ರಕ್ಕೆ ನನಗೆ ಪೂರ್ತಿ ಅಂಕ ಬಂದಿದ್ದವು. ನೆತ್ತಿಗೂ ಶ್ವಾಸನಾಳಕ್ಕೂ ಯಾವ ದಾರಿಯೂ ಇಲ್ಲವೆಂದು ನನ್ನಷ್ಟು ಖಚಿತವಾಗಿ ಬಲ್ಲವರು ಆ ಹೋಟೆಲಿನಲ್ಲಿ ಇನ್ನೊಬ್ಬರಿರಲಿಲ್ಲ. ಹೆಡ್ ಮಾಸ್ತರರು ಬಿಡಲಿಲ್ಲ. ಪ್ರಥಮ ಚಿಕಿತ್ಸೆಯನ್ನು ಮಕ್ಕಳಿಗೆ ಮಾಡಿ ತೋರಿಸಬೇಕೆಂದರು. ನಾನು ರಾತ್ರಿಯೆಲ್ಲ ಓದಿಕೊಂಡು ಬಂದು, ಹನುಮೇಶನನ್ನೇ ಬಗ್ಗಿಸಿ ನಿಲ್ಲಿಸಿ, ಭುಜಗಳ ನಡುವೆ ಐದು ಸಲ ತಟ್ಟಿ ತೋರಿಸಿದೆ. ಅವನು ಬಗ್ಗಿದಲ್ಲಿಂದಲೇ, "ಸರ, ಅವತ್ತಿನ ಕೈ ಭಾಳ ಜೋರಿತ್ತಲ್ರಿ" ಎಂದ. ಮಕ್ಕಳು ನಕ್ಕರು.

ಆಮೇಲೆ ನನ್ನ ನೆಮ್ಮದಿ ಹೋಯಿತು. ಹಲ್ಲುಜ್ಜುವಾಗ, ಹಾಜರಿ ಕರೆಯುವಾಗ, ಆ ಬೆಂಚು ಎದುರಿಗೆ ಬರುತ್ತಿತ್ತು. ಕೋಣೆಯ ಬಾಗಿಲು ಹಾಕಿಕೊಂಡು ಎಲ್ಲರ ಮಾತನ್ನೂ ನಾನೇ ಆಡಿ, ಗಡಿಯಾರ ನೋಡಿದೆ. ಕೆಮ್ಮು ನಿಂತಲ್ಲಿಂದ ಪಾರಕ್ಕ ಬರುವವರೆಗೆ ಒಂದು ನಿಮಿಷವೂ ಆಗುವುದಿಲ್ಲ. ಅದರಲ್ಲಿ ಹೆಂಡತಿ, ಬಿಕ್ಕಳಿಕೆ, ಸಾಲ ಕೊಟ್ಟವನು ಎಲ್ಲರೂ ಬಂದು ಹೋಗುತ್ತಾರೆ, ಉಸಿರೊಂದು ಬರುವುದಿಲ್ಲ. ಮದುವೆ ಮನೆಗೆ ಹೋದರೆ ನಾನು ತಿನ್ನುವುದು ಬಿಟ್ಟು ಸಾಲಿನಲ್ಲಿ ಕೂತವರ ಗಂಟಲು ನೋಡುತ್ತೇನೆ. "ಹಂಗ್ಯಾಕ ನೋಡ್ತೀರಿ? ಎಷ್ಟು ಲಾಡು ತಿಂದ್ರು ಅಂತ ಎಣಸಾಕತ್ತಾರ ಅಂದುಕೊಂತಾರ" ಎಂದು ಮನೆಯವಳು ಮೊಣಕೈಯಿಂದ ತಿವಿದಳು. ಅವಳಿಗೂ ನಿಜ ಹೇಳಿರಲಿಲ್ಲ. ಹೇಳಿದರೆ ಒಬ್ಬ ಗೆಳೆಯ ಹೋಗುತ್ತಾನೆ ಎಂಬುದು ಒಂದು ಭಯ. ಹೇಳದಿದ್ದರೆ, ಅವನು ಕೈ ಹಿಡಿದದ್ದು ಬೇರೆ ಯಾರನ್ನೋ, ನಾನು ಆ ಬೇರೆಯವನ ಜಾಗದಲ್ಲಿ ಕೂತು ಚಹಾ ಕುಡಿಯುತ್ತಿದ್ದೇನೆ ಎಂಬುದು ಇನ್ನೊಂದು.

ಇದು ಹೀಗೆಯೇ ನಡೆದುಹೋಗುತ್ತಿತ್ತೋ ಏನೋ, ಹನುಮೇಶನ ಹೆಂಡತಿ ಗಿರಿಜಾ ನನ್ನನ್ನು ಶೇಂಗಾ ಹೋಳಿಗೆ ಊಟಕ್ಕೆ ಕರೆಯದಿದ್ದರೆ. ತಾಟಿನ ಸುತ್ತ ಬಟ್ಟಲುಗಳು, ಹೋಳಿಗೆಯ ಮೇಲೆ ತುಪ್ಪ. ನಾನು ಎರಡನೆಯ ಹೋಳಿಗೆ ಮುರಿಯುವಾಗ ಆಕೆ ಒಳಗಿನಿಂದ ಹನುಮೇಶನ ಬಿಳಿ ಅಂಗಿ ತಂದಳು. ಬೆನ್ನಿನ ಮೇಲೆ ಎಣ್ಣೆಯ ಕಲೆ. ಹಿಟ್ಟು ತೊಳೆದು ಹೋಗಿತ್ತು, ಎಣ್ಣೆ ಹೋಗಿರಲಿಲ್ಲ. ಒಂದರ ಮೇಲೊಂದು ಬಿದ್ದ ಗುರುತುಗಳ ನಡುವೆ ಒಂದು ಅಂಗೈ, ಐದು ಬೆರಳು ಸ್ಪಷ್ಟವಾಗಿದ್ದವು. ಸಣ್ಣ ಕೈ.

"ಎಷ್ಟು ತಿಕ್ಕಿದ್ರೂ ಹೋಗವಲ್ದು. ಅಣ್ಣಾರ, ನೀವೇನು ಮಿರ್ಚಿ ಕರಿಯಾಕ ಕುಂತಿದ್ರೇನ್ರಿ?" ಎಂದಳು. ದನಿಯಲ್ಲಿ ನಗೆ ಇತ್ತು, ಕಣ್ಣಲ್ಲಿ ಇರಲಿಲ್ಲ. ಕಣ್ಣು ತಾಟಿನ ಮೇಲಿದ್ದ ನನ್ನ ಕೈಯನ್ನು ಅಳೆಯುತ್ತಿತ್ತು. ಹನುಮೇಶ ಅಂಗಿಯನ್ನೂ ನನ್ನನ್ನೂ ನೋಡಿದ.

ನಾನು ಹೇಳಿದೆ. ಪಾರಕ್ಕ ಹೊಡೆದದ್ದು, ಅದಕ್ಕೂ ಮೊದಲು ನಾವೆಲ್ಲ ನಕ್ಕದ್ದು, ಎಲ್ಲವನ್ನೂ.

"ಹಂಗಾರ ನೀವು ಏನ್ ಮಾಡಿದ್ರಿ?" ಎಂದ ಹನುಮೇಶ.

"ನೆತ್ತಿ ತಟ್ಟಿದೆ."

"ನಾ ನಿಮ್ಮ ಕೈ ಹಿಡದಿದ್ನಲ್ರಿ."

"ನಗೂದು ತಡಿಲಾರದ ಹಿಡದೀರಿ ಅಂತ ತಿಳಕೊಂಡೆ."

ಗಿರಿಜಾ ಅಂಗಿಯನ್ನು ನಿಧಾನವಾಗಿ ಮಡಚಿ ಒಳಗಿಟ್ಟು ಬಂದಳು. ಆಮೇಲೆ ತುಪ್ಪದ ಬಟ್ಟಲು ಒಂದು ಸಲ ಗಂಡನ ತಾಟಿನ ಕಡೆಗೆ ಹೋಗಿ, ಅಲ್ಲಿಂದಲೇ ಅಡುಗೆಮನೆಗೆ ತಿರುಗಿತು. ತುಪ್ಪ ಬೀಳದ ಆ ಎರಡನೆಯ ಹೋಳಿಗೆಯನ್ನು ನಾನು ಪೂರ್ತಿ ತಿಂದೆ. ಬಿಡುವುದು ಅವಮಾನ ಮಾಡಿದಂತೆ, ತಿನ್ನುವುದು ನಾಚಿಕೆಗೆಟ್ಟಂತೆ. ಎರಡರಲ್ಲಿ ನನಗೆ ಸುಲಭವಾದದ್ದನ್ನು ಆರಿಸಿಕೊಂಡೆ.

ಒಂದು ವಾರ ಹನುಮೇಶ ನನ್ನೊಡನೆ ಮಾತಾಡಲಿಲ್ಲ. ಸ್ಟಾಫ್ ರೂಮಿಗೆ ನಾನು ಬಂದರೆ ಮೈದಾನಕ್ಕೆ ಹೋಗುತ್ತಿದ್ದ. ಅವನ 'ಸಾವಧಾನ್' ಕಿಟಕಿಯಿಂದ ಕೇಳಿಸಿದಾಗಲೆಲ್ಲ ನಾನು ಪಾಠ ನಿಲ್ಲಿಸಿ, ಈ ದನಿ ಇಲ್ಲದೆಯೂ ಹೋಗಬಹುದಿತ್ತಲ್ಲ ಎಂದುಕೊಳ್ಳುತ್ತಿದ್ದೆ. ಶನಿವಾರ ಶಾಲೆ ಬಿಟ್ಟಾಗ ಅವನು ನನ್ನ ಸ್ಕೂಟರಿನ ಪಕ್ಕ ನಿಂತಿದ್ದ. "ನಡ್ರಿ. ಪಾರಕ್ಕನ ಹತ್ರ ಹೋಗೂಣ್ರಿ" ಎಂದ.

ಪಾರಕ್ಕ ಬಾಣಲೆಯಲ್ಲಿ ಮಿರ್ಚಿ ತಿರುವುತ್ತಿದ್ದಳು. ಹನುಮೇಶ ಧ್ವಜದ ಮುಂದೆ ನಿಂತ ಹಾಗೆ ಆಕೆಯ ಮುಂದೆ ನಿಂತು, ಹೇಳಬೇಕೆಂದುಕೊಂಡದ್ದನ್ನೆಲ್ಲ ಮರೆತು, "ಅಕ್ಕಾರ, ನಾನು... ಅವತ್ತು..." ಎಂದ. ಆಕೆ ತೂತಿನ ಜಾರಿಯಲ್ಲಿ ಮಿರ್ಚಿ ಎತ್ತಿ ಎಣ್ಣೆ ಸೋಸುತ್ತ, ಈಗ ಗಂಟಲು ಹೇಗಿದೆ ಎಂದು ಕೇಳಿದಳು. ಅಷ್ಟು ಜನರಲ್ಲಿ ನಿಮಗೊಬ್ಬರಿಗೇ ಹೇಗೆ ಗೊತ್ತಾಯಿತು ಎಂದು ನಾನು ಕೇಳಿದೆ. ಆಕೆ ಕೈಯ ಕೆಲಸ ನಿಲ್ಲಿಸಲಿಲ್ಲ.

"ಕೆಮ್ಮೋರಿಗೆ ಏನೂ ಆಗೂದಿಲ್ರಿ. ಸುಮ್ನಾದೋರನ್ನ ನೋಡಬೇಕು. ನಮ್ಮೂರು ಹುಲಿಹೈದರದಾಗ ನನ್ನ ತಮ್ಮ, ಶೇಂಗಾಕಾಳು ತಿನ್ನುವಾಗ ಸುಮ್ನಾದ. ಅಂವಗೂ ಎಲ್ಲಾರೂ ನೆತ್ತಿ ತಟ್ಟಿದ್ವಿ." ಸೋಸಿದ ಮಿರ್ಚಿಯನ್ನು ತಾಟಿಗೆ ಹಾಕುತ್ತ, "ಕುಂದರ್ರಿ, ಬಿಸಿ ಅದಾವ" ಎಂದಳು.

ನಾವು ಕೂತೆವು. ಹನುಮೇಶ ಎಂದಿನಂತೆ ನನ್ನ ಎದುರಿಗೆ ಕೂಡಲಿಲ್ಲ. ನಿಮ್ಮ ಮುಖ ನೋಡಿದರೆ ನಗು ಬರುತ್ತದೆ ಎಂದು ಹೇಳಿ, ಬಾಣಲೆ ಕಾಣುವಂತೆ ತಿರುಗಿ ಕೂತ. ನಗುವುದು ಕಾರಣವಲ್ಲವೆಂದು ನನಗೂ ಗೊತ್ತು. ಅವನ ಜಾಗದಲ್ಲಿದ್ದರೆ ನಾನೂ ನನ್ನನ್ನು ನಂಬಿ ಕೂಡುತ್ತಿರಲಿಲ್ಲ. ಹಾಗಾಗಿ ನಾನೂ ಎದ್ದು ಅವನ ಪಕ್ಕಕ್ಕೆ ಹೋಗಿ, ಅದೇ ದಿಕ್ಕಿಗೆ ಮುಖ ಮಾಡಿ ಕೂತೆ. ಈಗ ಪ್ರತಿ ಶನಿವಾರ ಬಸ್ಸಿನ ಸೀಟಿನಲ್ಲಿ ಕೂತವರಂತೆ ಇಬ್ಬರೂ ಪಾರಕ್ಕನನ್ನೇ ನೋಡುತ್ತ ತಿನ್ನುತ್ತೇವೆ. ಬಾಯಲ್ಲಿ ತುತ್ತಿರುವಾಗ ನಾನು ಯಾರನ್ನೂ ಅನುಕರಿಸುವುದಿಲ್ಲ.

ಹೀಗೆ ಸುಮ್ಮನೆ ತಿನ್ನುವಾಗ ಒಮ್ಮೊಮ್ಮೆ ನನ್ನ ಕೈ ನಿಂತುಬಿಡುತ್ತದೆ. ಅವನು ತೀರ ಸುಮ್ಮನಾದನಲ್ಲ ಎಂದು ಓರೆಗಣ್ಣಿನಿಂದ ನೋಡುತ್ತೇನೆ. ಹನುಮೇಶ ನನ್ನತ್ತ ತಿರುಗುವುದಿಲ್ಲ; ಮುಂದೆ ನೋಡುತ್ತಲೇ, ಯಾವ ಕಾರಣವೂ ಇಲ್ಲದೆ, ನನಗೆ ಕೇಳಿಸುವಷ್ಟು ಒಮ್ಮೆ ಕೆಮ್ಮುತ್ತಾನೆ. ನನಗೆ ಹೋದ ಜೀವ ಬಂದಂತಾಗುತ್ತದೆ. ಆದರೆ ಅಷ್ಟರಲ್ಲಿ ನನ್ನ ಬಲಗೈ ತಾನಾಗಿಯೇ ಎದ್ದು ಅರ್ಧ ದಾರಿ ಹೋಗಿರುತ್ತದೆ, ಅವನ ನೆತ್ತಿಯ ಕಡೆಗೆ.