ನಕಲು ಬೇಕಾಗಿದೆ

ಜಗಳ ಹುಟ್ಟಿದ್ದು ಒಂದು ಲೋಟ ಟೀ ಆರುವುದರೊಳಗೆ.

"ಆಪ್‌ಗೆ ಗಾಡಿ ಹಾಕಿದಾಗಿಂದ ಒಂದೇ ಒಂದು ಟ್ರಿಪ್ಪೂ ಕ್ಯಾನ್ಸಲ್ ಮಾಡಿಲ್ಲ ಕಣ್ರಯ್ಯ ನಾನು" ಎಂದು ಕ್ಯಾಬ್ ಚಾಲಕ ಮಹದೇವಸ್ವಾಮಿ ರಾಮಕೃಷ್ಣನಗರದ ಪವಿತ್ರಳ ಟೀ ಅಂಗಡಿ ಮುಂದೆ ಹೇಳಿದ್ದೇ ತಡ, ಪಕ್ಕದ ಕಾರಿನ ಸಿದ್ದಪ್ಪಾಜಿ ಬನ್ನು ಗಂಟಲಿಗೆ ಸಿಕ್ಕಿಸಿಕೊಂಡು ಕೆಮ್ಮಿದ.

"ಬುಡು ಬುಡು. ಅಂಥ ಡ್ರೈವರು ಇನ್ನೂ ಹುಟ್ಟಿಲ್ಲ. ರುಜುವಾತು ಎಲ್ಲೈತೆ?"

ಮಹದೇವಸ್ವಾಮಿಯ ಮುಖ ಕೆಂಪಾಯಿತು. ಕರೆದವರನ್ನು ದಾರಿಯಲ್ಲಿ ಬಿಟ್ಟವನಲ್ಲ ಎಂಬ ಹೆಸರನ್ನು ಅವನು ಹೊಸ ಕಾರಿನ ಸೀಟಿನ ಪ್ಲಾಸ್ಟಿಕ್ಕಿನಂತೆ ಹರಿಯದೆ ಕಾಪಾಡಿಕೊಂಡು ಬಂದಿದ್ದ.

"ಜಗಳ ಯಾಕಣ್ಣ?" ಎಂದಳು ಪವಿತ್ರ. "ಕಂಪನಿ ನಿಮ್ಮ ಬಗ್ಗೆ ಏನೇನು ಬರ್ಕೊಂಡಿದೆಯೋ ಅದರ ನಕಲು ಕೇಳಬಹುದು. ಆಪ್‌ನಲ್ಲಿ ಪ್ರೈವೆಸಿ ಅಂತ ಇರುತ್ತೆ. ಅಲ್ಲಿ ಒತ್ತಿ ಓಟಿಪಿ ಹಾಕಿದ್ರೆ ಫೈಲು ಈಮೇಲಿಗೆ ಬರುತ್ತೆ. ಸ್ವಲ್ಪ ದಿನ ಹಿಡೀಬಹುದು."

"ದಿನಗಟ್ಲೆ ಯಾರು ಕಾಯ್ತಾರೆ?" ಸಿದ್ದಪ್ಪಾಜಿ ಮಹದೇವಸ್ವಾಮಿಯ ಫೋನನ್ನೇ ಕಸಿದುಕೊಂಡ. "ಸಹಾಯವಾಣಿಗೆ ಚಾಟ್ ಹಾಕಣ. ಉದ್ದ ಬರೆದ್ರೆ ಓದಕ್ಕಿಲ್ಲ. ತಂತಿ ಕೊಟ್ಟಂಗಿರ್ಬೇಕು."

'ನನ್ನ ಎಲ್ಲ ಮಾಹಿತಿ ನಕಲು. ಕೂಡಲೇ ಕ್ರಮ ಕೈಗೊಳ್ಳಿ' ಎಂದು ಹೊಡೆದು ಕಳಿಸಿದ. ಫೋನು ತನ್ನ ಜಾಣತನಕ್ಕೆ 'ನಕಲು' ಅನ್ನು 'ನಕಲಿ' ಎಂದು ತಿದ್ದಿದ್ದನ್ನು ಯಾರೂ ನೋಡಲಿಲ್ಲ.

ಅಷ್ಟರಲ್ಲಿ ಟ್ರಿಪ್ ಬಂತು: ಕೃಷ್ಣಮೂರ್ತಿಪುರಂನಿಂದ ಚಾಮುಂಡಿ ಬೆಟ್ಟಕ್ಕೆ. ಮಹದೇವಸ್ವಾಮಿ ಅಲ್ಲಿಗೆ ಹೋಗಿ ಕಾರು ನಿಲ್ಲಿಸಿದ. ಟ್ರಿಪ್ ಬುಕ್ ಮಾಡಿದ್ದ ಸುಂದರಮ್ಮ ಹಣ್ಣುಕಾಯಿ ಬುಟ್ಟಿ ಹಿಡಿದು ಒಂದು ಕಾಲನ್ನು ಕಾರಿನೊಳಗಿಟ್ಟಿದ್ದರು. ಅವರ ಮೊಬೈಲು ಟಿಣ್ ಎಂದಿತು.

"ಏನಪ್ಪ, ಡ್ರೈವರು ಕ್ಯಾನ್ಸಲ್ ಮಾಡಿದಾರೆ ಅಂತ ಬಂತಲ್ಲ?"

"ಡ್ರೈವರ್ ನಾನೇ ಕಣಮ್ಮ. ಇಲ್ಲೇ ಇದ್ದೀನಲ್ಲ!"

"ನೀನು ಇದ್ದೀನಿ ಅಂತೀಯ, ಫೋನು ಇಲ್ಲ ಅನ್ನುತ್ತೆ. ನಾನು ಯಾರನ್ನ ನಂಬ್ಲಿ?"

ಮಹದೇವಸ್ವಾಮಿ ಗಾಬರಿಯಿಂದ ತನ್ನ ಫೋನು ನೋಡಿ ಜೋರಾಗಿಯೇ ಓದಿಬಿಟ್ಟ: "ತಮ್ಮ ಮಾಹಿತಿ ನಕಲಿ ಎಂದು ತಾವೇ ಒಪ್ಪಿಕೊಂಡಿದ್ದಕ್ಕೆ ಧನ್ಯವಾದ. ಖಾತೆ ಸ್ಥಗಿತಗೊಳಿಸಲಾಗಿದೆ. ಸದ್ಯದ ಟ್ರಿಪ್ ರದ್ದಾಗಿದೆ."

ಎದುರು ಮನೆಯ ಶಿವಲಿಂಗಯ್ಯನವರ ತಲೆ ಕಾಂಪೌಂಡಿನ ಮೇಲೆ ಮೂಡಿತು. "ಹತ್ತಬೇಡಿ ಸುಂದರಮ್ಮ! ನಕಲಿ ಡ್ರೈವರು! ತಾನೇ ಒಪ್ಕೊಂಡಿದಾನಂತೆ!"

ಮಹದೇವಸ್ವಾಮಿ ಲೈಸೆನ್ಸ್ ತೋರಿಸಿದ, ಆಧಾರ್ ತೋರಿಸಿದ, ಕೊನೆಗೆ ಪರ್ಸಿನಲ್ಲಿದ್ದ ಮದುವೆ ಫೋಟೋವನ್ನೂ ತೋರಿಸಿದ. "ಮದುಮಗಳು ಅಸಲಿ ಥರಾನೇ ಕಾಣ್ತಾಳೆ. ಇವನದ್ದೇ ಅನುಮಾನ" ಎಂದರು ಶಿವಲಿಂಗಯ್ಯ.

"ಪೂಜೆಗೆ ಹೊತ್ತಾಗುತ್ತೆ. ನೀವೂ ಹತ್ತಿ ಶಿವಲಿಂಗಯ್ಯನವರೇ, ಕಾವಲಿಗೆ" ಎಂದು ಸುಂದರಮ್ಮ ತೀರ್ಪು ಕೊಟ್ಟರು.

ಬೆಟ್ಟದ ಪ್ರತಿ ತಿರುವಿನಲ್ಲೂ ಶಿವಲಿಂಗಯ್ಯ ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟೇ ಕೂತಿದ್ದರು. ಮಹದೇವಸ್ವಾಮಿ ದರ್ಶನ ಮುಗಿಯುವವರೆಗೆ ಕಾದು ಇಬ್ಬರನ್ನೂ ಮನೆಗೆ ತಂದಿಳಿಸಿದ. ಸುಂದರಮ್ಮ ನೋಟು ಚಾಚಿದಾಗ ಎದೆಯುಬ್ಬಿಸಿ ಕೈಮುಗಿದ.

"ಬೇಡ ಕಣಮ್ಮ. ಕರೆದೋರನ್ನ ಬಿಟ್ಟೋದೋನು ಅನ್ನಿಸ್ಕೊಳ್ಳಲ್ಲ ನಾನು. ಅಷ್ಟು ಸಾಕು."

ಅಲ್ಲಿಂದ ನೇರ ಕಂಪನಿಯ ಕಚೇರಿಗೆ. ಅಲ್ಲಿದ್ದ ಅಧಿಕಾರಿ ಚಾಟ್ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. ದಾಖಲೆಗಳನ್ನು ತಾಳೆ ನೋಡಿ ಖಾತೆ ತೆರೆಸಿ, "ನೀವು ಕೇಳಿದ್ದ ನಕಲನ್ನೂ ಇವತ್ತೇ ಕಳಿಸ್ತೀವಿ ಸಾರ್" ಎಂದ.

ಸಂಜೆ ಟೀ ಅಂಗಡಿ ಮುಂದೆ ಚಾಲಕರೆಲ್ಲ ಸೇರಿದರು. ಮಹದೇವಸ್ವಾಮಿ ಸನ್ಮಾನಕ್ಕೆ ಕುಳಿತವನಂತೆ ಬೆಂಚಿನ ನಡುವೆ ಕೂತ. ಪವಿತ್ರ ಫೈಲು ತೆರೆದು ಓದತೊಡಗಿದಳು. ಓಡಿಸಿದ ಕಿಲೋಮೀಟರು, ಸ್ಟಾರುಗಳು, 'ಸಜ್ಜನ ಚಾಲಕ' ಎಂಬ ಹೊಗಳಿಕೆ. ಒಂದೊಂದಕ್ಕೂ ಅವನ ಬೆನ್ನು ನೆಟ್ಟಗಾಗುತ್ತ ಹೋಯಿತು.

"ಚಾಲಕ ರದ್ದು ಮಾಡಿದ ಟ್ರಿಪ್ಪುಗಳು..." ಪವಿತ್ರ ತಡವರಿಸಿದಳು. "ಒಂದು."

"ಒಂದಾ? ಯಾವತ್ತು?"

"ಇವತ್ತೇ ಅಣ್ಣ. ಕೃಷ್ಣಮೂರ್ತಿಪುರಂ ಟು ಚಾಮುಂಡಿ ಬೆಟ್ಟ."

ಮಹದೇವಸ್ವಾಮಿ ಬೆಂಚಿನಿಂದ ಚಿಮ್ಮಿದ. "ಕರ್ಕೊಂಡೋಗಿ ವಾಪಸ್ಸೂ ಬಿಟ್ಟೆ ಕಣ್ರೋ! ಸುಂದರಮ್ಮೋರೇ ಸಾಕ್ಷಿ! ಕಂಪ್ನಿಗೆ ಈಗ್ಲೇ ಬರೀತೀನಿ!"

ಸಿದ್ದಪ್ಪಾಜಿ ಎರಡೂ ಕೈಯಿಂದ ಅವನ ಫೋನು ಅದುಮಿ ಹಿಡಿದ.

"ಬರೀಬೇಡ ಕಣೋ ಪುಣ್ಯಾತ್ಮ! ಆಪ್ ಬುಟ್ಟು ಹೊರಗಡೆ ಬಾಡಿಗೆ ಹೊಡ್ದ ಅಂತ ಅದನ್ನೂ ಫೈಲಿಗೆ ಸೇರಿಸ್ಕೋತಾರೆ!"