ಸಾರಾ ಕಲಸಿದ ಹಿಟ್ಟು

ಗಂಡಸರ ಧಾರಾಳತನ ಹುಟ್ಟುವುದು ಜಗುಲಿಯಲ್ಲಿ, ಬೇಯುವುದು ಅಡುಗೆಮನೆಯಲ್ಲಿ. ಇದು ನಾನು ಕಂಡುಹಿಡಿದ ಸತ್ಯವೇನಲ್ಲ, ಬೈಬಲ್ಲಿನಲ್ಲೇ ಇದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿದ ಕಥೆ: ಉರಿಬಿಸಿಲಿನಲ್ಲಿ ಅಬ್ರಹಾಮನ ಡೇರೆಯ ಮುಂದೆ ಮೂವರು ಅಪರಿಚಿತರು ಬಂದು ನಿಲ್ಲುತ್ತಾರೆ. ಅವನು ಓಡಿಹೋಗಿ, ಉಂಡೇ ಹೋಗಬೇಕೆಂದು ಬೇಡಿಕೊಳ್ಳುತ್ತಾನೆ. ಆಮೇಲೆ ಒಳಗೆ ಓಡಿಬಂದು ಹೆಂಡತಿ ಸಾರಾಳಿಗೆ, "ಬೇಗ ಹಿಟ್ಟು ಕಲಸು" ಎನ್ನುತ್ತಾನೆ. ಸಿಸ್ಟರ್ ಅಬ್ರಹಾಮನನ್ನು ಬಹಳ ಹೊಗಳಿದರು. ದೇವರು ಒಬ್ಬನೇ ಎಂದು ನಂಬಿ ಹುಟ್ಟಿದೂರು ಬಿಟ್ಟು ಹೊರಟವನು, ಯಹೂದಿ, ಕ್ರೈಸ್ತ, ಮುಸಲ್ಮಾನ ಮೂವರಿಗೂ ಅವನೇ ಹಿರಿಯ ಎಂದರು. ಸಾರಾಳ ಸೌದೆ ಒಣಗಿತ್ತೋ ಹಸಿಯೋ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಆಗ ನನಗೆ ಮದುವೆಯಾಗಿರಲಿಲ್ಲವಲ್ಲ!

ಕೊಡಗು ಬೇರೆಯೇ ರಾಜ್ಯವಾಗಿ ಮಡಿಕೇರಿಯಲ್ಲಿ ನಮ್ಮದೇ ಪುಟ್ಟ ಸರ್ಕಾರ ಬಂದಿರುವ ಈ ಕಾಲದಲ್ಲಿ, ಚೆಟ್ಟಳ್ಳಿಯ ನಮ್ಮ ತೋಟದ ಮನೆಗೆ ಮೊನ್ನೆ ಶುಕ್ರವಾರ ಅದೇ ಕಥೆ ನಡೆದುಕೊಂಡು ಬಂತು. ಗೇಟಿನ ಎದುರು ಜೀಪೊಂದು ಕೆಟ್ಟು ನಿಂತು, ಕಾಫಿ ನೋಡಲು ಹೊರಟಿದ್ದ ಮೂವರು ಇಳಿದರು: ಕೊಚ್ಚಿಯ ಯಹೂದಿ ವ್ಯಾಪಾರಿ ಏಲಿಯಾಸ್, ಅಮ್ಮತ್ತಿಯ ಮೊಯ್ದು ಹಾಜಿ, ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಡಿಸೋಜ. ನಮ್ಮವರು ಹೊರಗೆ ಓಡಿದರು. ಆಮೇಲೆ ಒಳಗೆ ಓಡಿಬಂದರು.

"ಇವಳೇ, ಮೂರು ಜನ ಊಟಕ್ಕಿದ್ದಾರೆ. ಬೇಗ ಅಕ್ಕಿ ರೊಟ್ಟಿ ತಟ್ಟು!"

ನನಗೆ ಮೈ ಜುಮ್ಮೆಂದಿತು. ಕಾನ್ವೆಂಟಿನ ಬೈಬಲ್ ಕ್ಲಾಸಿನ ಮೂರು ಧರ್ಮಗಳೂ ಒಟ್ಟಿಗೇ ನನ್ನ ಮೆಟ್ಟಿಲು ಹತ್ತುತ್ತಿವೆ! ಮರುಕ್ಷಣ ಒಲೆಯ ಕಡೆ ತಿರುಗಿದೆ. ಅಲ್ಲಿ ಹಂದಿ ಸಾರು ಕೊತಕೊತ ಕುದಿಯುತ್ತಿತ್ತು.

ಕೊಡವರ ಮನೆಗೆ ಬಂದವರು ಹಸಿದು ಹೋದರೆ ಆ ಮನೆಯ ಹೆಂಗಸು ಮುಖ ತೋರಿಸುವುದು ಹೇಗೆ? ಹಂದಿ ಏಲಿಯಾಸರಿಗೂ ಆಗದು, ಹಾಜಿಯವರಿಗೂ ಆಗದು. ಕೋಳಿ ಎಂದರೆ ಒಬ್ಬೊಬ್ಬರಿಗೆ ಒಂದೊಂದು ರೀತಿ ಕೊಯ್ದದ್ದಾಗಬೇಕು. ಡಿಸೋಜರಿಗೆ, ಯೇಸು ಶಿಲುಬೆಗೇರಿದ ದಿನವೆಂದು, ಶುಕ್ರವಾರ ಮಾಂಸವೇ ಇಲ್ಲ. ನನ್ನ ಪಾತ್ರೆಗಳಲ್ಲಂತೂ ಹಂದಿ ಕಾಣದ ಪಾತ್ರೆ ಒಂದೂ ಇಲ್ಲ!

ಅತ್ತೆ ಸಾರಿನ ಮಡಕೆಯನ್ನು ಹಿತ್ತಲಿಗೆ ಸಾಗಿಸಿ, ಅಟ್ಟದಿಂದ ರೊಟ್ಟಿ ಸುಡುವ ಹೊಸ ಮಣ್ಣಿನ ಓಡನ್ನೂ ಕುಡಿಕೆಯನ್ನೂ ಇಳಿಸಿದರು. ಓಡಿನಲ್ಲಿ ರೊಟ್ಟಿ, ಕುಡಿಕೆಯಲ್ಲಿ ಕುಂಬಳಕಾಯಿ, ಬಾಳೆಲೆಯ ಮೇಲೆ ಜೇನುತುಪ್ಪ.

ಏಲಿಯಾಸ್ ಎಲೆಯ ಮುಂದೆ ಕೂತು ಸಂಕೋಚದಿಂದ ಕೇಳಿದರು, "ಅಮ್ಮಾ, ಬೇಜಾರು ಮಾಡ್ಕೋಬೇಡಿ, ಪಾತ್ರೆ..."

"ಹೊಸದು," ಎಂದೆ. ಮೂರು ಕೈಗಳೂ ಒಟ್ಟಿಗೇ ರೊಟ್ಟಿಗೆ ಹೋದವು. ನನಗೆ ಕುಣಿಯಬೇಕೆನ್ನಿಸಿತು.

ಎರಡನೇ ರೊಟ್ಟಿಗೆ ಮಾತು ಅಬ್ರಹಾಮನಿಗೆ ಬಂತು. ದೇವರು ಅವನ ನಂಬಿಕೆ ಪರೀಕ್ಷಿಸಲು ಮಗನನ್ನೇ ಬಲಿ ಕೇಳಿ, ಕೊನೆಗಳಿಗೆಯಲ್ಲಿ ಟಗರು ಕೊಟ್ಟು ಬಿಡಿಸಿದನಲ್ಲ, ಆ ಮಗ ಯಾರು? ಸಾರಾಳ ಇಸಾಕ, ನಮ್ಮ ಕುಲದ ಮೂಲ, ಎಂದರು ಏಲಿಯಾಸ್. ಅಬ್ರಹಾಮನ ಇನ್ನೊಬ್ಬ ಹೆಂಡತಿ ಹಾಗರಳ ಇಸ್ಮಾಯಿಲ್, ನಮ್ಮ ಪ್ರವಾದಿಯವರ ಪೂರ್ವಜ, ಎಂದರು ಹಾಜಿ. ನಮ್ಮ ಪುಸ್ತಕದಲ್ಲೂ ಇಸಾಕನೇ, ಎಂದರು ಡಿಸೋಜ.

"ಇಬ್ಬರು ಸೇರ್ಕೊಂಡ್ರೆ ಆಯ್ತಾ ರೈಟ್ರೇ? ಇದೇನು ಎಲೆಕ್ಷನ್ನಾ?" ಹಾಜಿ ನಕ್ಕರು.

ಬಾಗಿಲಲ್ಲಿ ನಿಂತಿದ್ದ ಅತ್ತೆ ತಡೆಯಲಾರದೆ ಕೇಳಿದರು, "ಯಾವ ಮಗ ಆದ್ರೂ ಆಗ್ಲಿ, ಹೆತ್ತವಳನ್ನ ಒಂದು ಮಾತು ಕೇಳಿದ್ನಾ ಅವ?"

ಮೂವರೂ ಮುಖಮುಖ ನೋಡಿಕೊಂಡರು. "ಕೇಳಿದ್ದು ಕಾಣಲ್ಲಮ್ಮಾ," ಎಂದರು ಹಾಜಿ ಮೆಲ್ಲಗೆ. ಉಳಿದಿಬ್ಬರೂ ತಲೆಯಾಡಿಸಿದರು. ಈ ಒಂದು ವಿಷಯದಲ್ಲಿ ಮೂರು ಧರ್ಮಗಳಿಗೂ ಭೇದವಿರಲಿಲ್ಲ.

ಅಷ್ಟರಲ್ಲಿ ಜೀಪು ಸರಿಯಾಯಿತು. ಸೂರ್ಯ ಮುಳುಗಿದರೆ ಏಲಿಯಾಸರ ವಿಶ್ರಾಂತಿಯ ದಿನ ಸಬ್ಬತ್ ಶುರು, ಆಮೇಲೆ ಪ್ರಯಾಣ ಕೂಡದು. ಹೊರಡುವಾಗ ಮೂವರೂ ನಮ್ಮವರ ಕೈ ಹಿಡಿದು, "ಸಾಕ್ಷಾತ್ ಅಬ್ರಹಾಮನ ಆತಿಥ್ಯ!" ಎಂದರು. ನಮ್ಮವರು ಉಬ್ಬಿದರು. ಹಿಟ್ಟಿನ ಕೈಯಲ್ಲಿ ನಿಂತಿದ್ದ ನನಗೆ ಸಿಟ್ಟು ಬರಬೇಕಿತ್ತು. ಆದರೆ ಎಲೆಗಳು ಖಾಲಿಯಾದ ಖುಷಿ ನೆತ್ತಿಗೇರಿತ್ತು. ಯಾರನ್ನೂ ಕೇಳದೆ ಮೆಟ್ಟಿಲಿಳಿದು ಓಡಿದೆ.

"ಮುಂದಿನ ಸಲ ಮನೆಯವರನ್ನೆಲ್ಲ ಕರ್ಕೊಂಡು ಬನ್ನಿ! ಉಂಡೇ ಹೋಗ್ಬೇಕು!"

"ಆಗ್ಲಮ್ಮಾ," ಎಂದರು ಹಾಜಿ, ಸಂತೋಷದಿಂದ. "ನಮ್ಮನೇಲಿ ಹನ್ನೊಂದು ಜನ."

ತಿರುಗಿ ನೋಡಿದರೆ, ಜಗುಲಿಯಲ್ಲಿ ಅತ್ತೆ ನನ್ನನ್ನೇ ನೋಡುತ್ತಿದ್ದರು. ಅಬ್ರಹಾಮ ಪಾಪ, ಒಳ್ಳೆಯ ಮನುಷ್ಯನೇ ಇದ್ದಿರಬೇಕು.